ಮಸ್ಕಿ ದಾಟಿದ ಮೇಲಿನ ಮಾತು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ, ನನಗೂ ಅನುಕೂಲ. ಧರ್ಮ, ರಾಜಕೀಯಗಳನ್ನು ಗೌರವದಿಂದ ಚರ್ಚೆ ಮಾಡುವುದು ಹೇಗೆ ಎಂದು ಯಾರಾದರೂ ವೇದಿಕೆ ಹತ್ತಿ ಉಪದೇಶ ಶುರು ಮಾಡಿದರೆ ನಾನು ಈಗ ಎದ್ದು ಹೊರಗೆ ಹೋಗುತ್ತೇನೆ. ನಾವು ಕೆಲವರು ಅದನ್ನು ಬಸ್ಸಿನಲ್ಲಿ ಕೂತು ವರ್ಷಗಟ್ಟಲೆ ಮಾಡಿದವರು. ಅದರಿಂದ ಏನಾಯಿತು ಎಂಬುದನ್ನು ಹೇಳಬೇಕೆಂದು ಈ ಕೆಲಸಕ್ಕೆ ಕೂತಿದ್ದೇನೆ.

ನಾನು ಸಿಂಧನೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ಮನೆ ಲಿಂಗಸುಗೂರಿನಲ್ಲಿ. ಬೆಳಗಿನ ಬಸ್ಸು ನಡುವೆ ಮಸ್ಕಿಯಲ್ಲಿ ಒಂದು ಚಹಾ ಕುಡಿಯುವಷ್ಟು ಹೊತ್ತು ನಿಲ್ಲುತ್ತದೆ. ಮಸ್ಕಿ ತನಕ ಎರೆ ಹೊಲ, ತೊಗರಿ, ಜೋಳ. ಮಸ್ಕಿ ದಾಟಿದ ಮೇಲೆ ಕಾಲುವೆ ನೀರು, ಭತ್ತ. ಈ ದಾರಿಯಲ್ಲಿ ದಿನಾ ಓಡಾಡುವ ನಮ್ಮದೊಂದು ಗುಂಪಿತ್ತು. ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಸಾಹುಕಾರರೊಬ್ಬರು ಅದರ ಯಜಮಾನರ ಹಾಗೆ. ಬ್ಯಾಂಕಿನವರು, ಕಚೇರಿಯವರು ಎಂದು ಉಳಿದ ನಾಲ್ಕೈದು ಮಂದಿ. ಮತ್ತೆ ನನ್ನ ಗೆಳತಿ, ಅವಳ ಮನೆಯೂ ಲಿಂಗಸುಗೂರಿನಲ್ಲಿ, ಸಿಂಧನೂರಿನ ದವಾಖಾನೆಯಲ್ಲಿ ನರ್ಸ್.

ಒಂದು ಚುನಾವಣೆಯ ಸಮಯದಲ್ಲಿ ಬಸ್ಸಿನೊಳಗಿನ ವಾದ ಅಂಗಿ ಹಿಡಿದು ಎಳೆದಾಡುವ ಮಟ್ಟಕ್ಕೆ ಹೋಗಿತ್ತು. ಮಠದ ಸ್ವಾಮಿಗಳು ಇಂಥವರಿಗೇ ಓಟು ಹಾಕಿ ಎಂದು ಹೇಳಬಹುದೋ ಬಾರದೋ ಎಂಬುದು ಜಗಳ. ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಹತ್ತಲು ಬಂದರೆ ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತಿದ್ದ. “ಇಲ್ಲೀತನಕ ನಿಮ್ಮ ನಿಮ್ಮ ಮಾತು ಮಾತಾಡಿದ್ರಿ. ಇಲ್ಲಿಂದ ಮುಂದ ನೀವು ಅವ್ರ ವಕಾಲತ್ತು ಮಾಡ್ರಿ, ಅವ್ರು ನಿಮ್ಮದು ಮಾಡ್ಲಿ. ಆಗಂಗಿಲ್ಲ ಅಂದ್ರ ಇಲ್ಲೇ ಇಳೀರಿ,” ಅಂದ. ತಮಾಷೆಗೆ ಅಂದದ್ದು. ನಾವೂ ತಮಾಷೆಗೇ ಶುರು ಮಾಡಿದೆವು.

ಆ ತಮಾಷೆ ನಮ್ಮ ಪದ್ಧತಿಯಾಯಿತು. ಮಸ್ಕಿ ಬಂದ ಕೂಡಲೇ ಗೊಬ್ಬರದಂಗಡಿ ಸಾಹುಕಾರರು “ಪಾಳಿ ಬದಲಿ” ಎಂದು ಕೂಗುತ್ತಿದ್ದರು. ಅಲ್ಲಿಂದ ಮುಂದೆ ಎದುರಿನವರ ಮಾತನ್ನು ನಮ್ಮದೇ ಮಾತು ಎನ್ನುವ ಹಾಗೆ ಆಡಬೇಕು. “ಅವರು” ಎನ್ನಬಾರದು, “ನಾವು” ಎನ್ನಬೇಕು. ಅಣಕ ಮಾಡಬಾರದು. ಮೊದಮೊದಲು ಸಾಹುಕಾರರಿಗೆ ಬಾಯೇ ಬರುತ್ತಿರಲಿಲ್ಲ. “ಅಲ್ರೀ, ನಾ ಹುಟ್ಟಿದಾಗಿಂದ ಮಠಕ್ಕ ನಡ್ಕೊಂಡಾಂವ, ಇದನ್ನ ಹೆಂಗ ಅನ್ಲಿ?” ಎಂದು ಬೆವರು ಒರೆಸಿಕೊಳ್ಳುತ್ತಿದ್ದರು. ಒಂದು ತಿಂಗಳಿಗೆ ಅವರೇ ಎಲ್ಲರಿಗಿಂತ ಜೋರು. ನಾವು ಬದಲಾದೆವು ಎಂದೇನೂ ನಾನು ಹೇಳುವುದಿಲ್ಲ. ಓಟು ಯಾರಿಗೆ ಹಾಕುತ್ತಿದ್ದೆವೋ ಅವರಿಗೇ ಹಾಕಿದೆವು. ಆದರೆ ಅಂಗಿ ಹಿಡಿಯುವುದು ನಿಂತಿತು, ಒಬ್ಬರ ಊಟದ ಡಬ್ಬಿಯಲ್ಲಿ ಇನ್ನೊಬ್ಬರು ಕೈ ಹಾಕುವುದು ಶುರುವಾಯಿತು. ಅಷ್ಟಾದರೂ ಆಯಿತಲ್ಲ ಎಂದು ನಾನು ಖುಷಿಯಾಗಿದ್ದೆ.

ಗೆಳತಿ ಎಂದೆನಲ್ಲ, ಅವಳದೂ ನನ್ನದೂ ಒಂದೇ ಊರು. ಸಿಂಧನೂರಿನಿಂದ ದಢೇಸುಗೂರಿನ ಕಡೆ ಹೋಗುವಾಗ ಸಿಗುವ ಹಳ್ಳಿಗಳಲ್ಲಿ ಒಂದು, ಹೆಸರು ಬೇಡ. ನಮ್ಮದು ಲಿಂಗ ಕಟ್ಟಿಕೊಳ್ಳುವ, ಹೊಲಮನೆ ಇರುವ ಮನೆತನ. ಊರ ನಡುವಿನ ಶಿವನ ಗುಡಿ ಕಟ್ಟಿಸಿದ್ದು ನಮ್ಮ ಮುತ್ತಜ್ಜ. ಅವಳದು ಊರ ಹೊರಗಿನ ಕೇರಿ, ಮನೆಯಲ್ಲಿ ಬುದ್ಧನ ಫೋಟೋ. ಒಂದೇ ಊರಲ್ಲಿ ಬೆಳೆದರೂ ನಾವಿಬ್ಬರೂ ಅಲ್ಲಿ ಒಂದು ದಿನವೂ ಮಾತಾಡಿದವರಲ್ಲ. ನಡುವಯಸ್ಸಿಗೆ ಬಂದ ಮೇಲೆ ಬಸ್ಸಿನ ಒಂದೇ ಸೀಟಿನಲ್ಲಿ ಕೂತು, “ನಿಮ್ಮೂರು ಯಾವುದು?” ಎಂದು ಕೇಳಿ ಇಬ್ಬರೂ ಪೆಚ್ಚಾದೆವು. ಆಮೇಲೆ ಅವಳಿಗೆ ನಾನು ಅಕ್ಕ ಆದೆ.

ಅವಳನ್ನು ಓದಿಸಿದ್ದು ಅವಳ ಅಣ್ಣ. ಅಪ್ಪ ತೀರಿಕೊಂಡಾಗ ಅವನು ಶಾಲೆ ಬಿಟ್ಟು ಅಕ್ಕಿ ಗಿರಣಿಯಲ್ಲಿ ಹಮಾಲಿಗೆ ನಿಂತ, ತಂಗಿಯನ್ನು ನರ್ಸಿಂಗಿಗೆ ಕಳಿಸಿದ. ಅವಳ ಮಾತಿನಲ್ಲಿ ಹತ್ತು ಸಲಕ್ಕೆ ಒಂಬತ್ತು ಸಲ ಅಣ್ಣನೇ ಬರುತ್ತಿದ್ದ. “ನಮ್ಮಣ್ಣ ಮೆಚ್ಚಿದ್ರ ನನಗ ದೇವರು ಮೆಚ್ಚಿದಂಗ ಅಕ್ಕಾ. ಅದಕ್ಕ ಬ್ಯಾರೆ ದೇವರು ಬೇಕಾಗಿಲ್ಲ,” ಎಂದು ನಗುತ್ತಿದ್ದಳು.

ಈಚೆಗಿನ ಒಂದು ಶ್ರಾವಣದಲ್ಲಿ ಆ ಅಣ್ಣನೇ ಕೇರಿಯ ಕೆಲವರನ್ನು ಕರೆದುಕೊಂಡು ಗುಡಿಯ ಮುಂದೆ ಬಂದು ನಿಂತ. ಅವನು ಆ ದೇವರಿಗೆ ಕೈ ಮುಗಿಯುವವನಲ್ಲ. ಕೇರಿಯಲ್ಲಿ ಮುಗಿಯುವವರು ಇದ್ದಾರೆ, ಅವರಿಗೆ ಒಳಗೆ ಹೋಗಲು ಬಿಡಿ ಎಂದು ಕೇಳಿದ. ಕಾನೂನು ಅವನ ಕಡೆ ಇದೆ, ಅದು ಎಲ್ಲರಿಗೂ ಗೊತ್ತು. ಅದಕ್ಕೇ ಗುಡಿ ನೋಡಿಕೊಳ್ಳುವ ನಮ್ಮ ದೊಡ್ಡಪ್ಪ ಬೇಡ ಎನ್ನಲಿಲ್ಲ. ಗುಡಿಗೆ ಸುಣ್ಣ ಹಚ್ಚುವುದಿದೆ, ರಿಪೇರಿ ಇದೆ ಎಂದು ಬಾಗಿಲಿಗೆ ಕೀಲಿ ಹಾಕಿಸಿದರು. ಪೂಜಾರಿ ಕಿಟಕಿಯಿಂದ ಒಂದು ದೀಪ ಇಟ್ಟು ಬರುತ್ತಿದ್ದ. ಪಂಚಾಯಿತಿ ಚುನಾವಣೆ ಹತ್ತಿರ ಇತ್ತಲ್ಲ, ಒಂದು ಪಾರ್ಟಿಯವರು ಕೇರಿಗೆ ಬಂದು ಹೋದರು, ಇನ್ನೊಂದು ಪಾರ್ಟಿಯವರು ನಮ್ಮ ದೊಡ್ಡಪ್ಪನ ಪಡಸಾಲೆಯಲ್ಲಿ ಕೂತು ಹೋದರು. ಸುಣ್ಣ ಮಾತ್ರ ಯಾರೂ ಹಚ್ಚಲಿಲ್ಲ.

ಬಸ್ಸಿನಲ್ಲಿ ಈ ಮಾತು ಬಾರದ ಹಾಗೆ ನಾವಿಬ್ಬರೂ ಕೆಲವು ದಿನ ನೋಡಿಕೊಂಡೆವು. ಕಡೆಗೆ ಒಂದು ಬೆಳಿಗ್ಗೆ ಅವಳೇ ತೆಗೆದಳು. ನಾನು ನನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದೆ: ಬಾಗಿಲು ತೆರೆಯಬೇಕು, ಆದರೆ ಪಾರ್ಟಿಯವರು ಬಂದು ತೆರೆಸಬಾರದು, ಊರವರು ಕೂತು ಮಾತಾಡಿ ಸಾವಕಾಶ ಮಾಡಿಕೊಳ್ಳಲಿ. “ಸಾವಕಾಶ ಅನ್ನೋದು ನಮ್ಮಜ್ಜನ ಕಾಲದಾಗೂ ಇತ್ತು ಅಕ್ಕಾ,” ಅಂದಳು. ಮಸ್ಕಿ ಬಂತು. ಪಾಳಿ ಬದಲಿ.

ಮೊದಲು ನಾನು ಮಾತಾಡಿದೆ, ಅವಳ ಪರವಾಗಿ. “ನಾವು ಗುಡಿ ಬಿಟ್ಟು ಹೋದವ್ರು ಅಂತೀರಿ. ಬಿಟ್ಟು ಹೋಗಬೇಕಂದ್ರ ಮೊದಲ ಒಳಗ ಬಿಟ್ಟುಕೊಂಡಿರಬೇಕಲ್ರಿ? ನಮ್ಮನ್ನ ಯಾವಾಗ ಬಿಟ್ಟುಕೊಂಡಿದ್ರಿ?” ಅಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ, ಸಾಹುಕಾರರು ಕಿಟಕಿ ಕಡೆ ತಿರುಗಿದರು. ಗೆಳತಿ ನನ್ನ ಮೊಣಕೈ ಹಿಡಿದು ಒತ್ತಿದಳು. ಆಮೇಲೆ ಅವಳ ಸರದಿ. “ಅಕ್ಕಾ, ನೀ ಹೇಳಿದ್ದು ನಿನ್ನ ಒಬ್ಬಾಕಿ ಮಾತು. ನಿಮ್ಮ ಮನ್ಯಾಗ ಏನಂತಾರ, ಅದನ್ನ ನಾ ಹೇಳ್ತೀನಿ,” ಎಂದು ಸೆರಗು ಹೊದ್ದು, ನಮ್ಮ ಮನೆಯ ಹಿರಿಯ ಹೆಂಗಸರು ಕೂರುವ ಹಾಗೆ ನೆಟ್ಟಗೆ ಕೂತಳು. “ಇದು ನಮ್ಮ ಹಿರೇರು ಬೆವರು ಸುರಿಸಿ ಕಟ್ಟಿಸಿದ ಗುಡಿ. ನೀವು ಬ್ಯಾರೆ ಧರ್ಮ ಹಿಡಕೊಂಡು ಹೋದವ್ರು. ಬಿಟ್ಟು ಹೋದ ಮನಿ ಕೀಲಿಕೈ ಈಗ ಯಾಕ ಕೇಳ್ತೀರಿ? ನಿಮಗ ಬೇಕಾಗಿದ್ದು ದೇವರಲ್ಲ, ನಮ್ಮ ತಲಿ ತಗ್ಗಿಸೋದು.”

ನಮ್ಮ ದೊಡ್ಡಪ್ಪ ಇದೇ ಮಾತನ್ನು ಇದೇ ಸ್ವರದಲ್ಲಿ ಆಡುತ್ತಿದ್ದರು. ಒಂದು ದಿನವೂ ನಮ್ಮ ಮನೆಯ ಹೊಸ್ತಿಲು ದಾಟದವಳಿಗೆ ಅದು ಅಕ್ಷರ ಬಿಡದೆ ಗೊತ್ತಿತ್ತು. ಎಲ್ಲರೂ ಭೇಷ್ ಅಂದರು, ಅವಳು ನಕ್ಕು ಸೆರಗು ಸರಿಮಾಡಿಕೊಂಡಳು, ಸಿಂಧನೂರು ಬಂತು.

ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದಾದ ಮೇಲೆ ಆ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹೊಸಬರು ತುಂಬಾ. ನಮ್ಮ ಪದ್ಧತಿ ಅವರಿಗೇನು ಗೊತ್ತು? ನಮಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಗೊತ್ತಿಲ್ಲದವರಿಗೆ ಹೇಳಬೇಕು ಎಂಬುದೇ ಯಾರ ತಲೆಗೂ ಬಂದಿರಲಿಲ್ಲ. ಯಾರೋ ಮೊಬೈಲ್ ಹಿಡಿದಿದ್ದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಗೊತ್ತಾದರೆ ಏನು ಮಾಡುತ್ತೇನೋ ಅದೂ ಗೊತ್ತಿಲ್ಲ.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಆ ವಿಡಿಯೋ ನೋಡಿದೆ. ಅವಳ ಮಾತು ಮಾತ್ರ ಇತ್ತು. ನಮ್ಮ ಮನೆಯವರ ವಾಟ್ಸಾಪ್ ಗುಂಪುಗಳಲ್ಲಿ ಅದು “ಅವರ ಮನಿ ಮಗಳ ಬಾಯಾಗ ಖರೇ ಮಾತು” ಎಂದು ಓಡಾಡಿತು. ಕೇರಿಯ ಗುಂಪುಗಳಲ್ಲಿ ಓಡಾಡಿದ್ದು ಇನ್ನೂ ಕೆಟ್ಟದ್ದು. ಲಿಂಗಸುಗೂರಿಗೆ ಹೋಗಿ ಜಾತಿ ಮುಚ್ಚಿಟ್ಟು, ದೊಡ್ಡವರ ಮನೆಯ ಹೆಣ್ಣುಮಗಳ ಹಾಗೆ ಸೆರಗು ಹೊದ್ದು, ನಮ್ಮ ಗುಡಿ ನಮ್ಮ ಹಿರೇರು ಅನ್ನುತ್ತಾಳೆ ನೋಡಿ ಎಂದು. ಅವಳು ಮೊದಲು ನಕ್ಕಳು. “ಅಣ್ಣಗ ಫೋನ್ ಮಾಡಿ ಹೇಳ್ತೀನಿ ತಗೋ ಅಕ್ಕಾ, ಅಂವ ನಗ್ತಾನ,” ಅಂದಳು.

ಅಣ್ಣ ನಗಲಿಲ್ಲ. “ನಾಟಕದಾಗ ಆದ್ರೂ ಆ ಮಾತು ನಿನ್ನ ಬಾಯಾಗ ಹೆಂಗ ಬಂತು? ನಾ ಗುಡಿ ಮುಂದ ನಿಂತು ಬೈಸಿಕೊಳ್ಳಾಕತ್ತೀನಿ, ನೀ ಅವ್ರ ಮಗ್ಗಲಕ ಕುಂತು ಅವ್ರ ಮಾತು ಆಡಾಕತ್ತಿ. ಮನಿ ಕಡೆ ಬರಬ್ಯಾಡ,” ಎಂದು ಫೋನ್ ಇಟ್ಟನಂತೆ. ಆಮೇಲೆ ಎತ್ತಲೇ ಇಲ್ಲ.

ಅವಳು ಊಟ ಬಿಟ್ಟಳು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂರುತ್ತಿದ್ದಳು. “ಊರವ್ರು ಏನರ ಅನ್ಕೊಳ್ಳಿ ಅಕ್ಕಾ. ಅಣ್ಣ ಒಬ್ಬಾಂವ ನಂಬಿದ್ರ ಸಾಕು,” ಎಂದು ಒಂದು ಸಲ ಅಂದಳು, ಅಷ್ಟೇ. ನನಗೆ ತಡೆಯಲಾಗಲಿಲ್ಲ. ನಮ್ಮ ಆಟದಿಂದ ಆದದ್ದು, ನಾವೇ ಸರಿ ಮಾಡೋಣ ಎಂದು ಸಾಹುಕಾರರ ಅಂಗಡಿಗೆ ಹೋದೆ. ಊರಿಗೆ ಬಂದು ನಾಲ್ಕು ಜನರ ಮುಂದೆ ಇದು ನಮ್ಮ ಪದ್ಧತಿ ಎಂದು ಹೇಳಿ ಅಂದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದರು.

“ಮೇಡಂ, ನಾ ಬಂದ್ರ ಹೌದಪಾ, ನೀ ಮಸ್ಕಿ ದಾಟಿದ ಮ್ಯಾಲೆ ಮಠದ ಬಗ್ಗೆ ಏನೇನು ಅಂದಿ ಅಂತ ನನ್ನೂ ಕೇಳ್ತಾರ. ನಾ ಅಂದಿದ್ದು ನಿಮಗ ಗೊತ್ತೈತಲ್ರಿ. ಆಮ್ಯಾಲೆ ಈ ಅಂಗಡಿಗೆ ಯಾರು ಬರ್ತಾರ್ರಿ?”

“ಚೀಲದಾಗ ಗೊಬ್ಬರ ಇಟ್ಟೀರಿ ಅನ್ಕೊಂಡಿದ್ದೆ ಸಾಹುಕಾರ್ರ, ತಲ್ಯಾಗೂ ಅದ ತುಂಬೀರಿ ಅಂತ ಗೊತ್ತಿರಲಿಲ್ಲ,” ಎಂದು ಬಂದೆ. ಬಂದದ್ದಷ್ಟೇ ಲಾಭ. ಬ್ಯಾಂಕಿನವರು ರಜೆ ಇಲ್ಲ ಅಂದರು, ಕಚೇರಿಯವರು ನಾವು ಇದರಲ್ಲಿ ಬೀಳುವ ಹಾಗಿಲ್ಲ ಅಂದರು. ಪದ್ಧತಿ ಹುಟ್ಟಿಸಿದ ಕಂಡಕ್ಟರ್ ಯಾವುದೋ ಬೇರೆ ಡಿಪೋಗೆ ವರ್ಗವಾಗಿ ಹೋಗಿದ್ದ. ನಾನೇ ಫೋನಿನ ಮುಂದೆ ಕೂತು, ಹೀಗೆ ಹೀಗೆ, ಅದು ಅವಳ ಮಾತಲ್ಲ ಎಂದು ಒಂದು ವಿಡಿಯೋ ಮಾಡಿ ಬಿಟ್ಟೆ. ಕೆಳಗೆ ಜನ ಬರೆದದ್ದನ್ನು ಇಲ್ಲಿ ಬರೆಯಲಾರೆ. ನಾಟಕದ ಎರಡನೇ ಭಾಗ ಬಂತು ಎಂದು ಒಬ್ಬ ಬರೆದಿದ್ದ, ಅದೇ ಅವುಗಳಲ್ಲಿ ಮರ್ಯಾದೆಯ ಮಾತು.

ಕಡೆಗೆ ಒಂದು ಭಾನುವಾರ ಒಬ್ಬಳೇ ಊರಿಗೆ ಹೋದೆ. ನಮ್ಮ ಮನೆಗಲ್ಲ, ಕೇರಿಗೆ. ಹುಟ್ಟಿದ ಊರಿನ ಆ ಓಣಿಯಲ್ಲಿ ನಾನು ಕಾಲಿಟ್ಟದ್ದು ಅದೇ ಮೊದಲು. ಅಣ್ಣ ಕುರ್ಚಿ ಹಾಕಿದ, ಅವನ ಹೆಂಡತಿ ನೀರು ಕೊಟ್ಟಳು. ಕುಡಿಯುತ್ತೇನೋ ಇಲ್ಲವೋ ಎಂದು ಮನೆ ತುಂಬ ಕಣ್ಣು. ಬಿಸಿಲಿಗೆ ಬಾಯಿ ಒಣಗಿತ್ತು, ಚೊಂಬು ಖಾಲಿ ಮಾಡಿದೆ. ಕಂಡಕ್ಟರನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವನು ನೆಲ ನೋಡುತ್ತ ಕೇಳಿಸಿಕೊಂಡ.

“ಅಕ್ಕಾರ, ನನ್ನ ಕಿವ್ಯಾಗ ಹೇಳಿದ್ರ ಏನಾಗತೈತ್ರಿ? ವಿಡಿಯೋ ಊರೆಲ್ಲಾ ನೋಡೈತಿ. ನಾ ನಂಬಿದ್ರೂ ಈ ಓಣಿ ನಂಬಂಗಿಲ್ಲ. ಓಣಿ ನಂಬಲಿಲ್ಲಂದ್ರ ನಾ ಆಕೀನ ಹೆಂಗ ಕರಕೊಳ್ಳಲಿ?” ಅಂದ. ಆಮೇಲೆ ಮೊದಲ ಸಲ ನನ್ನ ಮುಖ ನೋಡಿದ. “ಆಕಿ ಆಡಿದ್ದು ನಿಮ್ಮ ಮಾತು ಅಂತೀರಲ್ಲ, ಗುಡಿ ಸಲುವಾಗಿ ಊರಾಗ ಶಾಂತಿ ಸಭಾ ಐತಿ, ತಹಶೀಲ್ದಾರ್ ಸಾಹೇಬ್ರು ಬರ್ತಾರ. ನಿಮ್ಮ ದೊಡ್ಡಪ್ಪಾರೂ ಇರ್ತಾರ. ಅಲ್ಲಿ ಎದ್ದು ನಿಂತು, ಆ ಮಾತು ನನ್ನವು ಅಂತ ಹೇಳ್ರಿ. ಅಲ್ಲೇ ತಂಗೀನ ಮನಿಗೆ ಕರಕೊಂಡು ಬರ್ತೀನಿ.”

ಅನ್ಯಾಯದ ಮಾತೇನೂ ಅಲ್ಲ. ನಾನು ಒಪ್ಪಿಕೊಂಡೆ.

ಗೆಳತಿಗೆ ಹೇಳಿದರೆ ಅವಳು ಬಸ್ಸಿನಲ್ಲೇ ಅತ್ತಳು. “ಬ್ಯಾಡ ಅಕ್ಕಾ. ನೀ ಆ ಮಾತು ಒಂದು ದಿನಾನೂ ಅಂದಾಕಿ ಅಲ್ಲ. ನಮ್ಮ ಕೇರ್ಯಾಗ ನಿನ್ನ ಮುಖ ಯಾರೂ ನೋಡಂಗಿಲ್ಲ.” ನಾನು ಅವಳಿಗೆ ಸಮಾಧಾನ ಹೇಳಿದೆ. ಒಂದು ಮಾತು ಹೇಳಿ ಕೂರುವುದಿಲ್ಲ, ಎರಡು ಮಾತು ಹೇಳುತ್ತೇನೆ. ಮೊದಲು, ಅವಳು ಆಡಿದ್ದು ನನ್ನ ಮನೆಯ ಕಡೆಯ ಮಾತು, ಅದು ನನ್ನ ಲೆಕ್ಕಕ್ಕೆ. ಅದರ ಬೆನ್ನಿಗೇ, ನಾನು ಅವಳ ಕಡೆಯಿಂದ ಆಡಿದ ಮಾತು. ಬಾಗಿಲು ತೆರೆಯಿರಿ ಎಂದೇ ಮುಗಿಸುತ್ತೇನೆ. ಊರ ಮುಂದೆ, ದೊಡ್ಡಪ್ಪನ ಮುಂದೆ, ಮೈಕಿನಲ್ಲಿ. ಅದನ್ನು ಕೇಳಿದರೆ ಕೇರಿಯವರಿಗೂ ಗೊತ್ತಾಗುತ್ತದೆ, ನಮ್ಮವರಿಗೂ ಗೊತ್ತಾಗುತ್ತದೆ, ನಾವು ಇಷ್ಟು ವರ್ಷ ಏನು ಮಾಡಿದೆವು ಎಂದು. ಹೀಗೆಲ್ಲ ಹೇಳಿ ಅವಳ ಕಣ್ಣು ಒರೆಸಿದೆ. ನನಗೆ ನನ್ನ ಮಾತಿನ ಮೇಲೆ ಅಷ್ಟು ನಂಬಿಕೆ ಇತ್ತು.

ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಬೇವಿನ ಗಿಡದ ಕೆಳಗೆ ಮೇಜು, ಸಾಹೇಬರು, ಮೈಕು. ಒಂದು ಕಡೆ ನಮ್ಮವರು, ಇನ್ನೊಂದು ಕಡೆ ಕೇರಿಯವರು, ನಡುವೆ ಪೊಲೀಸರು. ಎರಡೂ ಪಾರ್ಟಿಯವರು ಗೋಡೆಗೆ ಒರಗಿ ನಿಂತು ಯಾರ ಮಾತಿಗೆ ಯಾರು ತಲೆ ಆಡಿಸುತ್ತಾರೆಂದು ಎಣಿಸುತ್ತಿದ್ದರು. ಗೆಳತಿ ಕೇರಿಯವರ ಹಿಂದೆ, ಎಲ್ಲರಿಂದ ಒಂದು ಮಾರು ದೂರ ಒಬ್ಬಳೇ ನಿಂತಿದ್ದಳು. ಅವಳ ಪಕ್ಕಕ್ಕೆ ಯಾರೂ ಹೋಗಲಿಲ್ಲ.

ಸಾಹೇಬರು ಕಾನೂನು ಹೇಳಿದರು. ದೊಡ್ಡಪ್ಪ ಸುಣ್ಣದ ಮಾತು ಹೇಳಿದರು. ಅಣ್ಣ ಎದ್ದು, “ಸುಣ್ಣ ನಾವ ಹಚ್ಚತೀವ್ರಿ, ಕೀಲಿ ತಗೀರಿ,” ಅಂದ. ಅಷ್ಟರಲ್ಲಿ ನಮ್ಮ ಕಡೆಯ ಒಬ್ಬ ಮುಂದೆ ಬಂದು ಮೊಬೈಲನ್ನು ಮೈಕಿಗೆ ಹಿಡಿದ. ಗೆಳತಿಯ ದನಿ ಅಂಗಳದ ತುಂಬ ಕೇಳಿಸಿತು. ಬಿಟ್ಟು ಹೋದ ಮನಿ ಕೀಲಿಕೈ ಈಗ ಯಾಕ ಕೇಳ್ತೀರಿ. “ಕೇಳ್ರಿ ಸಾಹೇಬ್ರ. ಇವ್ರ ಮನಿ ಹೆಣ್ಣುಮಗಳ ಒಪ್ಪ್ಯಾಳ,” ಅಂದ ಅವನು. ಕೇರಿಯವರು ತಲೆ ತಗ್ಗಿಸಿದರು. ಅಣ್ಣ ನನ್ನ ಕಡೆ ನೋಡಿದ.

ನಾನು ಎದ್ದು ಮೈಕಿನ ಹತ್ತಿರ ಹೋದೆ. ದನಿ ನಡುಗಲಿಲ್ಲ. ಹತ್ತಾರು ವರ್ಷ ಪಾಠ ಹೇಳಿದ ದನಿ ಅದು.

“ಅದು ಆಕಿ ಮಾತಲ್ಲ. ಬಸ್ಸಿನ್ಯಾಗ ಆಕಿ ನನ್ನ ಪರವಾಗಿ ಮಾತಾಡ್ಯಾಳ. ಇದು ನಮ್ಮ ಹಿರೇರು ಕಟ್ಟಿಸಿದ ಗುಡಿ, ಬಿಟ್ಟು ಹೋದವ್ರು ಕೀಲಿಕೈ ಕೇಳಬಾರದು ಅನ್ನೋ ಮಾತು ಆಕೀದಲ್ಲ, ನಂದು,” ಅಂದೆ.

ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಂತೆ. ಆ ಒಂದು ಕ್ಷಣದಲ್ಲಿ ಚಪ್ಪಾಳೆ ಶುರುವಾಯಿತು.

ನಮ್ಮ ಕಡೆಯವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಾರೋ ಸಿಳ್ಳೆ ಹಾಕಿದರು. ತಡೀರಿ, ಇನ್ನೊಂದು ಮಾತು ಐತಿ, ತಡೀರಿ ಎಂದು ನಾನು ಕೂಗಿದೆ. ಮೈಕು ಆಗಲೇ ನನ್ನ ಕೈಯಲ್ಲಿರಲಿಲ್ಲ. ಮೊಬೈಲ್ ಹಿಡಿದಿದ್ದವನು ಅದನ್ನು ಕಿತ್ತುಕೊಂಡು, “ಓದಿದ ಹೆಣ್ಣುಮಕ್ಕಳ ಧೈರ್ಯ ಅಂದ್ರ ಹಿಂಗಿರಬೇಕು,” ಅನ್ನುತ್ತಿದ್ದ. ಕೇರಿಯವರು ಎದ್ದರು. ಸಾಹೇಬರು ಶಾಂತ ಆಗ್ರಿ, ಶಾಂತ ಆಗ್ರಿ ಎಂದರು, ಅವರ ಮಾತೂ ಯಾರಿಗೂ ಕೇಳಿಸಲಿಲ್ಲ. ಒಳಗ ಬಿಟ್ಟುಕೊಂಡಿರಬೇಕಲ್ರಿ, ಯಾವಾಗ ಬಿಟ್ಟುಕೊಂಡಿದ್ವಿ ಎಂದು ನಾನು ಬರಿಯ ಗಂಟಲಿನಲ್ಲಿ ಅರಚಿದೆ. ಹತ್ತಿರ ನಿಂತ ಒಬ್ಬ ಮುದುಕ, ನಾನು ಕೇರಿಯವರಿಗೆ ಬೈಯುತ್ತಿದ್ದೇನೆ ಎಂದುಕೊಂಡು, ಸಾಕು ಬಿಡವ್ವಾ ಅಂದ.

ಅಣ್ಣ ಕೊಟ್ಟ ಮಾತು ಉಳಿಸಿಕೊಂಡ. ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ತಂಗಿಯ ಕೈ ಹಿಡಿದ. ಅವಳು ಅವನ ಭುಜಕ್ಕೆ ಹಣೆ ಹಚ್ಚಿದ್ದು ನನಗೆ ಕಂಡಿತು. ಕೇರಿಯ ಹೆಂಗಸರು ಅವಳನ್ನು ಸುತ್ತುವರಿದರು, ಒಬ್ಬಳು ಅವಳ ಬೆನ್ನು ಸವರಿದಳು. ಹೋಗುವಾಗ ಆ ಹೆಂಗಸರಲ್ಲಿ ನಾಲ್ಕೈದು ಮಂದಿ ತಿರುಗಿ ನನ್ನನ್ನು ನೋಡಿದರು. ನನಗೆ ನೀರು ಕೊಟ್ಟವಳೂ ಅವರಲ್ಲಿ ಇದ್ದಳು. ಗೆಳತಿ ತಿರುಗಬೇಕೆಂದು ಕೊರಳು ಹೊರಳಿಸಿದಳು, ಅಣ್ಣ ಅವಳ ಹೆಗಲ ಮೇಲೆ ಕೈ ಹಾಕಿ ಮುಂದೆ ನಡೆಸಿಕೊಂಡು ಹೋದ.

ಅವರ ಹಿಂದೆ ಓಡಬೇಕೆಂದು ಹೆಜ್ಜೆ ಎತ್ತಿದೆ. ದೊಡ್ಡಪ್ಪ ಎದುರಿಗೆ ಬಂದು ನಿಂತಿದ್ದರು. ನನ್ನ ಮದುವೆಯಾದ ಮೇಲೆ ಅವರು ನನ್ನನ್ನು ಮನೆಯ ಮಗಳು ಎಂದು ಕರೆದದ್ದು ನನಗೆ ನೆನಪಿಲ್ಲ. ಈಗ ಅವರ ಕಣ್ಣಲ್ಲಿ ನೀರಿತ್ತು.

“ನನ್ನ ಮಗಳ,” ಅಂದರು. “ಎಲ್ಲಾರೂ ಅಂಜಿ ಕುಂತಿದ್ರು. ನಮ್ಮ ಮನಿ ಮಾತು ನೀ ಒಬ್ಬಾಕಿ ಎದ್ದು ನಿಂತು ಹೇಳಿದಿ.”

ಎಲ್ಲರ ಮುಂದೆ ನನ್ನ ತಲೆಯ ಮೇಲೆ ಕೈ ಇಟ್ಟರು.